ನಾವೆಯ ಒಡಲಿನಲ್ಲಿ ಮಳೆಯ ನೀರು

೧

ಪ್ರಾಚೀನ ಭಾರತೀಯರ ನೌಕಾಯಾನವನ್ನು ಕುರಿತು ಬರೆದ ವಿದ್ವಾಂಸರು ಹಾಯಿ, ಚುಕ್ಕಾಣಿ, ನಕ್ಷತ್ರಜ್ಞಾನ, ಬಂದರು, ಸರಕು ಇವುಗಳ ವಿಚಾರವನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಆದರೆ ನಾವೆಯನ್ನು ನಡೆಸುವವನಿಗೆ ಮಳೆಗಾಲದಲ್ಲಿ ದಿನದಿನವೂ ಎದುರಾಗುತ್ತಿದ್ದ ಒಂದು ಸಾಮಾನ್ಯವಾದ ಕಷ್ಟವು ಅವರ ಬರೆಹಗಳಲ್ಲಿ ಹೆಚ್ಚಾಗಿ ಕಾಣಬರುವುದಿಲ್ಲ. ಸರಕನ್ನು ಇಡುವ ಒಡಲಿನ ಕೋಣೆಗಳಲ್ಲಿ ಮಳೆಯ ನೀರು ನಿಲ್ಲುವುದೇ ಆ ಕಷ್ಟ. ಸಮುದ್ರದ ನೀರು ಕೆಳಗಿನಿಂದಲೂ ಬದಿಗಳಿಂದಲೂ ಬರುವುದು. ಅದನ್ನು ತಡೆಯುವುದಕ್ಕಾಗಿಯೇ ನಾವೆಯು ನಿರ್ಮಿತವಾಗಿದೆ. ಮಳೆಯ ನೀರಾದರೋ ಮೇಲಿನಿಂದ ಬರುವುದು. ಹೊರಗಿನ ನೀರನ್ನು ಒಳಕ್ಕೆ ಬಿಡದ ಹಲಗೆಗಳೇ ಒಳಗೆ ಬಿದ್ದ ನೀರನ್ನು ಹೊರಕ್ಕೆ ಬಿಡದೆ ಹಿಡಿದಿಡುವುವು. ನಾವೆಯು ಎಷ್ಟು ಬಿಗಿಯಾಗಿರುವುದೋ ಅಷ್ಟು ಚೆನ್ನಾಗಿ ಅದು ತೊಟ್ಟಿಯೂ ಆಗುವುದು.

ಈ ಸಣ್ಣ ವಿಷಯಕ್ಕೆ ಒಂದು ಪ್ರಬಂಧವು ಬೇಕೆ ಎಂದು ವಾಚಕರು ಕೇಳಬಹುದು. ಮಳೆಯನ್ನು ಕುರಿತ ಈ ಚಿಂತೆಯು ನಾವೆಯ ಆಕಾರವನ್ನೂ ಪ್ರಯಾಣದ ಕಾಲವನ್ನೂ ಹಾನಿಯ ಹೊಣೆಯನ್ನು ನಿರ್ಣಯಿಸುವ ಧರ್ಮವನ್ನೂ ರೂಪಿಸುವುದರಲ್ಲಿ ಪಾಲುಗೊಂಡಿತೆಂಬುದೇ ನಮ್ಮ ಉತ್ತರ. ಇದಲ್ಲದೆ, ಚೀನದ ಹಡಗುಗಳಲ್ಲಿದ್ದಂತಹ ಬಿಗಿಯಾದ ಅಡ್ಡಗೋಡೆಗಳು ನಮ್ಮ ಹಡಗುಗಳಲ್ಲಿ ಸಾಮಾನ್ಯವಾಗಿ ಇರಲಿಲ್ಲವಾದುದರಿಂದ ನಮ್ಮ ಬಡಗಿಗಳು ಈ ವಿದ್ಯೆಯಲ್ಲಿ ಹಿಂದುಳಿದವರೆಂದು ಭಾವಿಸುವುದು ಸುಲಭ. ಆ ಭಾವನೆಯು ಎಷ್ಟರ ಮಟ್ಟಿಗೆ ನ್ಯಾಯವೆಂಬುದನ್ನು ಪರಿಶೀಲಿಸಲು ಮಳೆಯ ನೀರೇ ಒಳ್ಳೆಯ ಒರೆಗಲ್ಲೆಂದು ತೋರುತ್ತದೆ.

೨

ಮೊದಲು ಕಷ್ಟದ ಪ್ರಮಾಣವನ್ನು ತಿಳಿಯಬೇಕು. ಒಂದು ಚದರ ಮೀಟರು ಸ್ಥಳದ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರಾಗುವುದು. ಹತ್ತು ಮೀಟರು ಉದ್ದ, ಮೂರು ಮೀಟರು ಅಗಲವಿರುವ ತೆರೆದ ದೋಣಿಯೊಂದನ್ನು ಊಹಿಸಿಕೊಳ್ಳೋಣ. ಲೆಕ್ಕದ ಸೌಕರ್ಯಕ್ಕಾಗಿ ಅದರ ಬಾಯಿ ೩೦ ಚದರ ಮೀಟರೆಂದು ಇಟ್ಟುಕೊಳ್ಳೋಣ. ನಮ್ಮ ಕರಾವಳಿಯಲ್ಲಿ ಅಪರೂಪವಲ್ಲದ ೧೦೦ ಮಿಲಿಮೀಟರಿನ ಮಳೆಯು ಒಂದು ದಿನ ಸುರಿದರೆ ಆ ದೋಣಿಯಲ್ಲಿ ೩,೦೦೦ ಲೀಟರು, ಎಂದರೆ ಮೂರು ಟನ್ನು ನೀರು ಸೇರುವುದು. ದಕ್ಷಿಣ ಕನ್ನಡದ ತೀರದಲ್ಲಿ ವರ್ಷಕ್ಕೆ ಬೀಳುವ ಮಳೆಯು ೩,೫೦೦ ಮಿಲಿಮೀಟರನ್ನು ಮುಟ್ಟುವುದುಂಟು. ಅದರ ಬಹುಭಾಗವು ಜೂನ್ ತಿಂಗಳಿನಿಂದ ಸೆಪ್ಟೆಂಬರಿನೊಳಗೆ ಬೀಳುವುದು. ನಾಲ್ಕು ತಿಂಗಳಿಗೆ ೩,೦೦೦ ಮಿಲಿಮೀಟರೆಂದರೂ ನಮ್ಮ ದೋಣಿಯ ಪಾಲಿಗೆ ೯೦ ಟನ್ನು ಬರುವುದು. ಮೊಗೆಯುವವನೊಬ್ಬನು ಇಲ್ಲದಿದ್ದರೆ ಅಂತಹ ದೋಣಿಯು ಕಟ್ಟಿದ ಗೂಟದ ಬಳಿಯಲ್ಲಿಯೇ ಮುಳುಗುವುದರಲ್ಲಿ ಸಂದೇಹವಿಲ್ಲ.

ಭಾರವೊಂದೇ ಕೇಡಲ್ಲ. ಒಡಲಿನಲ್ಲಿ ಅಡ್ಡಿಯಿಲ್ಲದೆ ಹರಡಿರುವ ನೀರು ನಾವೆಯು ಒಂದು ಕಡೆಗೆ ವಾಲಿದಾಗ ತಾನೂ ಆ ಕಡೆಗೇ ಓಡಿ ವಾಲುವಿಕೆಯನ್ನು ಹೆಚ್ಚಿಸುವುದು. ಒಂದೇ ತೂಕದ ಕಲ್ಲನ್ನು ತಳದಲ್ಲಿ ಹೇರಿದರೆ ನಾವೆಗೆ ಸ್ಥಿರತೆ ಬರುವುದು. ಅಷ್ಟೇ ತೂಕದ ನೀರು ಅಲ್ಲಿ ತುಳುಕುತ್ತಿದ್ದರೆ ಇದ್ದ ಸ್ಥಿರತೆಯೂ ಹೋಗುವುದು.

ಮೂರನೆಯದು ಮರದ ಕೇಡು. ಸಮುದ್ರದ ನೀರಿನಲ್ಲಿ ಮರವನ್ನು ಕೊರೆಯುವ ಹುಳುವಿದೆಯೆಂಬುದು ಎಲ್ಲರಿಗೂ ತಿಳಿದಿದೆ. ಆದರೆ ಕೊಳೆಯ ವಿಷಯದಲ್ಲಿ ಸಿಹಿನೀರೇ ಹೆಚ್ಚು ಅಪಾಯಕರವಾದುದು. ಮರವನ್ನು ಕೊಳೆಯಿಸುವ ಬೂಷ್ಟಿಗೆ ತೇವವೂ ಗಾಳಿಯೂ ಎರಡೂ ಬೇಕು. ಉಪ್ಪು ಅದಕ್ಕೆ ಆಗದು. ಸದಾ ನೀರಿನಲ್ಲಿ ಮುಳುಗಿರುವ ಮರವು ಗಾಳಿಯಿಲ್ಲದ ಕಾರಣ ಬಹುಕಾಲ ಉಳಿಯುವುದು. ಒಮ್ಮೆ ನೆನೆದು ಒಮ್ಮೆ ಅರೆಯೊಣಗಿ, ಗಾಳಿಯಾಡದ ಮೂಲೆಯಲ್ಲಿ ಸಿಹಿನೀರಿನ ತೇವವನ್ನು ಹಿಡಿದಿರುವ ಮರವೇ ಬೇಗ ಹಾಳಾಗುವುದು. ಆದುದರಿಂದ ಸರಕಿನ ಕೋಣೆಯ ತಳದಲ್ಲಿ ಮಳೆಯ ನೀರು ನಿಂತರೆ ಹೊರಗಿನ ಅಲೆಯು ಮಾಡದ ಕೆಲಸವನ್ನು ಅದು ಒಳಗಿನಿಂದ ಸದ್ದಿಲ್ಲದೆ ಮಾಡುವುದು.

ಕಡೆಯದಾಗಿ ಸರಕು. ನಮ್ಮ ತೀರದಿಂದ ಹೊರಕ್ಕೆ ಹೋಗುತ್ತಿದ್ದ ಪದಾರ್ಥಗಳಲ್ಲಿ ಬಹುಪಾಲು ತೇವಕ್ಕೆ ಹೆದರುವ ಪದಾರ್ಥಗಳು. ಹನ್ನೆರಡನೆಯ ಶತಮಾನದಲ್ಲಿ, ಸುಮಾರು ೧೧೩೨ರಿಂದ ೧೧೪೯ರವರೆಗೆ, ಮಂಗಳೂರಿನಲ್ಲಿ ವ್ಯಾಪಾರ ನಡೆಸಿದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನ ಪತ್ರಗಳು ಕೈರೋ ನಗರದ ಗೆನೀಜಾ ಸಂಗ್ರಹದಲ್ಲಿ ದೊರೆತಿವೆ. ಮೆಣಸು, ಅಡಕೆ, ಕಬ್ಬಿಣ ಇವು ಆತನ ಮುಖ್ಯ ಸರಕುಗಳಾಗಿದ್ದುವು. ನೀರು ಸೋಕಿದರೆ ಮೆಣಸಿಗೂ ಅಡಕೆಗೂ ಬೂಷ್ಟು, ಕಬ್ಬಿಣಕ್ಕೆ ತುಕ್ಕು. ಮುಂದೆ ಹದಿನಾರು ಹದಿನೇಳನೆಯ ಶತಮಾನಗಳಲ್ಲಿ ಬಸರೂರು, ಮಂಗಳೂರು, ಹೊನ್ನಾವರಗಳಿಂದ ಅಕ್ಕಿಯು ಹಡಗು ಹಡಗಾಗಿ ಗೋವೆಗೂ ಪಾರಸೀಕ ಕೊಲ್ಲಿಯ ಕಡೆಗೂ ಹೋಗುತ್ತಿತ್ತು. ನೆನೆದ ಅಕ್ಕಿಯು ಕೆಡುವುದು ಮಾತ್ರವಲ್ಲ, ಉಬ್ಬಿ ಇಕ್ಕೆಲದ ಹಲಗೆಗಳನ್ನು ಒತ್ತುವುದು. ಒಂದು ಮೂಟೆಯ ತಳವು ನೆನೆದರೆ ಅದರ ಬಿಸಿಯೂ ನಾತವೂ ಪಕ್ಕದ ಮೂಟೆಗಳಿಗೆ ಹಬ್ಬುವುವು.

೩

ಹೀಗಿರುವಲ್ಲಿ ನಮ್ಮ ಶಾಸ್ತ್ರಗ್ರಂಥಗಳು ಈ ವಿಷಯದಲ್ಲಿ ಏನು ಹೇಳುತ್ತವೆಂಬುದನ್ನು ನೋಡೋಣ. ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದಲ್ಲಿ ದೊರೆತು, ಆರ್. ಶಾಮಶಾಸ್ತ್ರಿಗಳಿಂದ ೧೯೦೯ರಲ್ಲಿ ಪ್ರಕಟವಾದ ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ನಾವಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಅಧ್ಯಾಯವೊಂದಿದೆ. ದೊಡ್ಡ ನಾವೆಗಳಲ್ಲಿ ಇರಬೇಕಾದ ಜನರನ್ನು ಅಲ್ಲಿ ಎಣಿಸಿದೆ. ಶಾಸಕನೂ ನಿಯಾಮಕನೂ ಹಗ್ಗ ಮೊದಲಾದುವನ್ನು ಹಿಡಿಯುವವರೂ ಹೇಳಲ್ಪಟ್ಟ ಮೇಲೆ, ಅವರ ಸಾಲಿನಲ್ಲಿಯೇ ‘ಉತ್ಸೇಚಕ’ನೆಂಬವನು ಬರುತ್ತಾನೆ. ಉತ್ಸೇಚಕನೆಂದರೆ ನೀರನ್ನು ಮೊಗೆದು ಹೊರಕ್ಕೆ ಚೆಲ್ಲುವವನು. ನೀರನ್ನು ಮೊಗೆಯುವುದು ಬಿಡುವಿದ್ದವನು ಮಾಡುವ ಕೆಲಸವೆಂದು ಶಾಸ್ತ್ರಕಾರನು ತಿಳಿಯಲಿಲ್ಲ. ಅದಕ್ಕೆ ಪ್ರತ್ಯೇಕನಾದ ಮನುಷ್ಯನನ್ನೂ ಪ್ರತ್ಯೇಕವಾದ ಹೆಸರನ್ನೂ ಕೊಟ್ಟು, ಚುಕ್ಕಾಣಿ ಹಿಡಿಯುವವನೊಡನೆ ಎಣಿಸಿದನು. ಇಂತಹ ದೊಡ್ಡ ನಾವೆಗಳು ಹೇಮಂತ ಗ್ರೀಷ್ಮಗಳಲ್ಲಿಯೂ ದಾಟಲು ನಾವೆಯೇ ಬೇಕಾದ ಮಹಾನದಿಗಳಿಗೆ. ಮಳೆಗಾಲದಲ್ಲಿ ಮಾತ್ರ ಹರಿಯುವ ಸಣ್ಣ ನದಿಗಳಿಗೆ ಸಣ್ಣವು ಸಾಕು ಎಂಬ ವಿಭಾಗವೂ ಅಲ್ಲಿಯೇ ಇದೆ.

ಅದೇ ಅಧ್ಯಾಯದ ಬೇರೆ ಎರಡು ವಿಧಿಗಳು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುವು. ಬಿರುಗಾಳಿಗೆ ಸಿಕ್ಕಿ ಬಂದ ನಾವೆಯನ್ನು ಅಧ್ಯಕ್ಷನು ತಂದೆಯಂತೆ ಆದರಿಸಬೇಕು. ನೀರು ಸೋಕಿದ ಸರಕಿಗೆ ಸುಂಕವನ್ನು ಬಿಡಬೇಕು, ಇಲ್ಲವೆ ಅರ್ಧವನ್ನು ಮಾತ್ರ ತೆಗೆದುಕೊಳ್ಳಬೇಕು. ಇದು ಒಂದು ವಿಧಿ. ಜನರಾಗಲಿ ಉಪಕರಣಗಳಾಗಲಿ ಸಾಲದೆಯೋ, ದುರಸ್ತಿಯಿಲ್ಲದೆಯೋ ನಾವೆಯು ಹಾಳಾದರೆ, ಕಳೆದುಹೋದುದನ್ನೂ ಕೆಟ್ಟುದನ್ನೂ ಅಧ್ಯಕ್ಷನೇ ತುಂಬಿಕೊಡಬೇಕು. ಇದು ಇನ್ನೊಂದು. ಎರಡನ್ನೂ ಜೊತೆಗಿಟ್ಟು ನೋಡಿದರೆ ಒಂದು ಸೂಕ್ಷ್ಮವಾದ ನ್ಯಾಯವು ಹೊರಪಡುತ್ತದೆ. ನೀರು ಸೋಕಿದ ವರ್ತಕನಿಗೆ ಕರುಣೆ. ಮೊಗೆಯುವವನನ್ನು ಇಡದೆ ನಾವೆಯನ್ನು ಕಳುಹಿಸಿದ ಅಧಿಕಾರಿಗೆ ಹೊಣೆ.

ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿಯೂ ಇದೇ ವಿವೇಕವು ಕಂಡುಬರುತ್ತದೆ. ನಾವಿಕರ ಅಪರಾಧದಿಂದ ನಾವೆಯಲ್ಲಿ ಕೆಟ್ಟ ಪದಾರ್ಥವನ್ನು ನಾವಿಕರೆಲ್ಲರೂ ಸೇರಿ ತಮ್ಮ ತಮ್ಮ ಪಾಲಿನಂತೆ ತುಂಬಿಕೊಡಬೇಕು. ದೈವಿಕವಾದ ಹಾನಿಗೆ ದಂಡವಿಲ್ಲ. ಹಾಗಾದರೆ ಮಳೆಯು ದೈವಿಕವೋ ಅಪರಾಧವೋ? ಸ್ಮೃತಿಯು ಈ ಪ್ರಶ್ನೆಯನ್ನು ಬಿಡಿಸಿ ಹೇಳಿಲ್ಲ. ಆದರೆ ಉತ್ಸೇಚಕನ ವಿಧಿಯನ್ನು ನೆನಪಿನಲ್ಲಿಟ್ಟುಕೊಂಡರೆ ಉತ್ತರವು ದೂರವಿಲ್ಲ. ಮಳೆಯು ಬೀಳುವುದು ದೈವ. ಬಿದ್ದ ನೀರು ಮರುದಿನವೂ ನಿಂತಿರುವುದು ಮನುಷ್ಯನ ತಪ್ಪು. ಇದು ನಮ್ಮ ಊಹೆಯಾದರೂ ಎರಡು ಗ್ರಂಥಗಳ ಅಭಿಪ್ರಾಯಕ್ಕೂ ವಿರೋಧವಾಗಿಲ್ಲವೆಂದು ನಂಬುತ್ತೇವೆ.

೪

ಇನ್ನು ನಾವೆಯ ರಚನೆಯ ವಿಚಾರ. ಧಾರಾನಗರದ ಭೋಜರಾಜನ ಹೆಸರಿನಲ್ಲಿರುವ ಯುಕ್ತಿಕಲ್ಪತರುವೆಂಬ ಗ್ರಂಥದ ನೌಕಾಪ್ರಕರಣವು, ರಾಧಾಕುಮುದ ಮುಖರ್ಜಿಯವರು ೧೯೧೨ರಲ್ಲಿ ಭಾರತೀಯ ನೌಕಾಯಾನದ ಮೇಲೆ ಬರೆದ ಪುಸ್ತಕದಿಂದ ಎಲ್ಲರ ಗಮನಕ್ಕೂ ಬಂದಿತು. ಮನೆಯುಳ್ಳ ನಾವೆಗಳನ್ನು ಈ ಗ್ರಂಥವು ಮೂರು ವಿಧವಾಗಿ ವಿಂಗಡಿಸುತ್ತದೆ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಮಾಡುಳ್ಳದ್ದು ಸರ್ವಮಂದಿರಾ. ನಡುವೆ ಮಾತ್ರ ಮನೆಯುಳ್ಳದ್ದು ಮಧ್ಯಮಂದಿರಾ. ಮುಂಭಾಗದಲ್ಲಿ ಮನೆಯುಳ್ಳದ್ದು ಅಗ್ರಮಂದಿರಾ. ರಾಜಕೋಶವನ್ನೂ ಕುದುರೆಗಳನ್ನೂ ಸ್ತ್ರೀಯರನ್ನೂ ಸಾಗಿಸಲು ಮೊದಲನೆಯದು. ರಾಜರ ವಿಲಾಸಯಾತ್ರೆಗೂ ಮಳೆಗಾಲಕ್ಕೂ ಎರಡನೆಯದು. ಮಳೆಗಾಲವು ಕಳೆದ ಮೇಲೆ ನಡೆಯುವ ದೂರಪ್ರಯಾಣಕ್ಕೂ ಯುದ್ಧಕ್ಕೂ ಮೂರನೆಯದು.

ಈ ವಿಭಾಗವನ್ನು ಸಾಮಾನ್ಯವಾಗಿ ಪ್ರಯಾಣಿಕರ ಸುಖದ ದೃಷ್ಟಿಯಿಂದಲೇ ನೋಡುವುದು ವಾಡಿಕೆ. ಆದರೆ ಮಳೆಗಾಲಕ್ಕೆ ನಡುಮನೆಯೇ ಏಕೆ, ಮುಂಭಾಗದ ಮನೆಯು ಏಕಾಗದು ಎಂದು ಕೇಳಿದರೆ ಸುಖದ ಮಾತಿನಿಂದ ಸಮಾಧಾನವಾಗುವುದಿಲ್ಲ. ನಾವೆಯು ಅತ್ಯಂತ ಅಗಲವಾಗಿಯೂ ಆಳವಾಗಿಯೂ ಇರುವುದು ನಡುಭಾಗದಲ್ಲಿ. ಸರಕಿನ ಒಡಲಿನ ಬಾಯಿಯು ಸಾಮಾನ್ಯವಾಗಿ ತೆರೆದಿರುವುದು ಅಲ್ಲಿಯೇ. ಮಳೆಯು ಹೆಚ್ಚಾಗಿ ಒಳಹೊಗುವುದೂ ನೀರು ಕೂಡುವುದೂ ಅಲ್ಲಿಯೇ. ಮುಂಭಾಗದಲ್ಲಿ ಮನೆಯನ್ನು ಕಟ್ಟಿದರೆ ಕಾವಲಿನವನಿಗೂ ಯೋಧನಿಗೂ ಅನುಕೂಲ. ನಡುವೆ ಕಟ್ಟಿದರೆ ಒಡಲಿಗೆ ಕೊಡೆ ಹಿಡಿದಂತಾಗುವುದು. ಕೆಡಬಾರದ ಕೋಶಕ್ಕೂ ಬೆದರಬಾರದ ಕುದುರೆಗೂ ಪೂರ್ಣವಾದ ಮಾಡನ್ನೇ ವಿಧಿಸಿರುವುದೂ ಈ ಅರ್ಥಕ್ಕೆ ಪೋಷಕವಾಗಿದೆ.

ಇಲ್ಲಿ ಒಂದು ಎಚ್ಚರಿಕೆಯು ಅವಶ್ಯಕ. ಯುಕ್ತಿಕಲ್ಪತರುವಿನಲ್ಲಿ ಹೇಳಿರುವ ನಾವೆಗಳೆಲ್ಲವೂ ಅದೇ ಅಳತೆಗಳಲ್ಲಿ ಕಟ್ಟಲ್ಪಟ್ಟುವೆಂದು ನಂಬಲು ಆಧಾರವು ಸಾಲದು. ಅದು ಬಡಗಿಯು ಬರೆದ ಗ್ರಂಥವಲ್ಲ, ರಾಜಸಭೆಯ ವಿದ್ವತ್ತಿನ ಫಲ. ಸ್ವದೇಶಾಭಿಮಾನದಿಂದ ಅದಕ್ಕೆ ಅತಿಯಾದ ಪ್ರಾಮಾಣ್ಯವನ್ನು ಕೊಡಬಾರದು. ಆದರೆ ನಾವೆಯ ಮಾಡನ್ನು ಋತುವಿನೊಡನೆ ಸೇರಿಸಿ ಯೋಚಿಸುವ ಅಭ್ಯಾಸವೊಂದು ಇದ್ದಿತೆಂಬುದಕ್ಕೆ ಮಾತ್ರ ಅದು ಸಾಕ್ಷಿಯಾಗಬಲ್ಲುದು.

ಮಾಡಿನ ಈ ಮಾತು ಪುಸ್ತಕದಲ್ಲಿಯೇ ಉಳಿಯಲಿಲ್ಲವೆಂಬುದಕ್ಕೆ ಕೇರಳದ ಹಿನ್ನೀರಿನ ಕೆಟ್ಟುವಳ್ಳಂ ಸಾಕ್ಷಿಯಾಗಿದೆ. ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಮಾಡಿದ ಈ ದೋಣಿಗಳು ಅಕ್ಕಿಯ ಮೂಟೆಗಳನ್ನು ಹೊತ್ತು ಹೋಗುತ್ತಿದ್ದುವು. ಹಿನ್ನೀರಿಗೆ ಅಲೆಯ ಭಯವಿಲ್ಲ, ಮಳೆಯ ಭಯವುಂಟು. ಆದುದರಿಂದ ಅವುಗಳ ಮೇಲೆ ಬಿದಿರು ಚಾಪೆಗಳ ಕಮಾನು ಮಾಡನ್ನು ಕಟ್ಟುತ್ತಿದ್ದರು. ಅಜಂತೆಯ ಎರಡನೆಯ ಗುಹೆಯ ಚಿತ್ರದಲ್ಲಿ ಮೂರು ಕಂಬಗಳ ಹಡಗೊಂದಿದೆ. ಅದರ ಹಿಂಭಾಗದಲ್ಲಿ ಸಾಲಾಗಿಟ್ಟ ಹಂಡೆಗಳು ಕಾಣುತ್ತವೆ. ಬಾಯಿ ಮುಚ್ಚಿದ ಹಂಡೆಯೂ ಒಂದು ವಿಧವಾದ ಕೋಣೆಯೇ ಸರಿ. ನಾವೆಯ ತಳವು ಒದ್ದೆಯಾದರೂ ಹಂಡೆಯ ಒಳಗಿನದು ಒದ್ದೆಯಾಗದು.

೫

ಮೊಗೆಯುವವನೂ ಮಾಡೂ ಸಾಲದ ಕಡೆ ಮೂರನೆಯ ಉಪಾಯವೊಂದುಂಟು. ಮಳೆಯ ಕಾಲದಲ್ಲಿ ನಾವೆಯನ್ನು ನೀರಿಗೆ ಇಳಿಸದಿರುವುದೇ ಅದು. ಅರಬ್ಬೀ ನಾವಿಕರು ವರ್ಷದಲ್ಲಿ ಸುಮಾರು ಮೂರು ತಿಂಗಳ ಕಾಲವನ್ನು ಸಮುದ್ರವು ಮುಚ್ಚಿದ ಕಾಲವೆಂದು ಎಣಿಸುತ್ತಿದ್ದರು. ಹದಿನೈದನೆಯ ಶತಮಾನದ ಕಡೆಯಲ್ಲಿ ಗ್ರಂಥ ರಚಿಸಿದ ಇಬ್ನ್ ಮಾಜಿದನು ಇದನ್ನು ವಿವರಿಸಿದ್ದಾನೆ. ಶ್ರಾವಣದ ಹುಣ್ಣಿಮೆಯಲ್ಲಿ ಸಮುದ್ರಕ್ಕೆ ತೆಂಗಿನಕಾಯಿಯನ್ನು ಅರ್ಪಿಸಿ ಯಾನವನ್ನು ಆರಂಭಿಸುವ ಕೊಂಕಣ ಕರಾವಳಿಯ ಆಚಾರವು ಈ ಮುಚ್ಚಿದ ಬಾಗಿಲನ್ನು ತೆರೆಯುವ ಆಚಾರ. ಇಂದಿಗೂ ಪಶ್ಚಿಮ ತೀರದಲ್ಲಿ ಯಂತ್ರದ ದೋಣಿಗಳ ಮೀನುಗಾರಿಕೆಗೆ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ನಿಷೇಧವಿದೆ. ಅದರ ಉದ್ದೇಶವು ಮೀನಿನ ಸಂತತಿಯ ರಕ್ಷಣೆ, ಆದರೆ ಕಾಲವು ಹಳೆಯದೇ.

ಗಾಳಿ ಅಲೆಗಳ ಭಯವೇ ಈ ನಿಯಮಕ್ಕೆ ಮುಖ್ಯ ಕಾರಣವೆಂಬುದು ನಿಜ. ಆದರೆ ಲಂಗರು ಹಾಕಿ ನದೀಮುಖದಲ್ಲಿ ನಿಲ್ಲಿಸಿದ್ದರೂ ಗಾಳಿಯ ಭಯವು ಬಹುಮಟ್ಟಿಗೆ ತಪ್ಪುತ್ತಿತ್ತು. ಮಳೆಯ ಭಯವು ತಪ್ಪುತ್ತಿರಲಿಲ್ಲ. ಮೇಲೆ ಹೇಳಿದ ೯೦ ಟನ್ನಿನ ಲೆಕ್ಕವನ್ನು ನೆನೆದರೆ, ದೋಣಿಯನ್ನು ದಡಕ್ಕೆ ಎಳೆದು ತೆಂಗಿನ ಗರಿಯ ಚಪ್ಪರದ ಕೆಳಗೆ ಇಡುವ ಕರಾವಳಿಯ ಪದ್ಧತಿಯ ಅರ್ಥವು ಪೂರ್ಣವಾಗಿ ತಿಳಿಯುವುದು. ಒಳನಾಡಿನಲ್ಲಿಯೂ ಇದೇ ಬುದ್ಧಿಯನ್ನು ಕಾಣುತ್ತೇವೆ. ವಿಜಯನಗರಕ್ಕೆ ಸುಮಾರು ೧೫೨೦ರಲ್ಲಿ ಬಂದ ಪೋರ್ಚುಗೀಸನಾದ ಡೊಮಿಂಗೊ ಪಾಯೆಸನು ತುಂಗಭದ್ರೆಯನ್ನು ದಾಟಿಸುವ, ಬೆತ್ತದಿಂದ ಹೆಣೆದು ಚರ್ಮವನ್ನು ಹೊದಿಸಿದ ಬುಟ್ಟಿಯಂತಹ ದುಂಡು ದೋಣಿಗಳನ್ನು ವರ್ಣಿಸಿದ್ದಾನೆ. ಇವು ನಮ್ಮ ಹರಿಗೋಲುಗಳು. ಕೆಲಸವು ಮುಗಿದ ಮೇಲೆ ಹರಿಗೋಲನ್ನು ದಡದಲ್ಲಿ ಬೋರಲಾಗಿ ಹಾಕುವುದು ರೂಢಿ. ಬೋರಲಾದ ನಾವೆಗೆ ತಾನೇ ಮಾಡು. ಅದಕ್ಕೆ ಉತ್ಸೇಚಕನು ಬೇಕಿಲ್ಲ.

೬

ಈಗ ಚೀನದ ಹಡಗುಗಳ ವಿಷಯವನ್ನು ಎತ್ತಿಕೊಳ್ಳಬಹುದು. ಹದಿಮೂರನೆಯ ಶತಮಾನದ ಕಡೆಯಲ್ಲಿ ಅವುಗಳನ್ನು ನೋಡಿದ ಮಾರ್ಕೊ ಪೋಲೋ, ದೊಡ್ಡ ಹಡಗುಗಳಲ್ಲಿ ಬಲವಾದ ಹಲಗೆಗಳಿಂದ ವಿಂಗಡಿಸಿದ ಹದಿಮೂರರಷ್ಟು ಕೋಣೆಗಳಿದ್ದುವೆಂದೂ, ಒಂದಕ್ಕೆ ತೂತು ಬಿದ್ದರೆ ನೀರು ಇನ್ನೊಂದಕ್ಕೆ ಹೋಗದೆಂದೂ ಹೇಳಿದ್ದಾನೆ. ಈ ಮಾತಿಗೆ ೧೯೭೪ರಲ್ಲಿ ಪ್ರತ್ಯಕ್ಷವಾದ ಪ್ರಮಾಣವು ದೊರೆಯಿತು. ಚೀನದ ಚ್ವಾನ್‌ಚೌ ಪಟ್ಟಣದ ಹತ್ತಿರ ಅಗೆದು ತೆಗೆದ, ಹದಿಮೂರನೆಯ ಶತಮಾನದ ಹಡಗಿನಲ್ಲಿ ೧೨ ಅಡ್ಡಗೋಡೆಗಳೂ ೧೩ ಕೋಣೆಗಳೂ ಇದ್ದುವು. ಅದರಲ್ಲಿ ಸುಗಂಧದ ಮರವೂ ಮೆಣಸೂ ಸಿಕ್ಕಿದುವು.

ಆದರೆ ಆ ಹಡಗಿನಲ್ಲಿ ನಮ್ಮ ವಿಷಯಕ್ಕೆ ಅತ್ಯಂತ ಮುಖ್ಯವಾದುದು ಗೋಡೆಯಲ್ಲ, ಗೋಡೆಯಲ್ಲಿದ್ದ ತೂತು. ಅಡ್ಡಗೋಡೆಗಳ ಕೆಳತುದಿಯಲ್ಲಿ, ತಳದ ಮರದ ಪಕ್ಕದಲ್ಲಿ, ನೀರು ಹರಿದುಹೋಗಲು ಸಣ್ಣ ಕಂಡಿಗಳನ್ನು ಬಿಟ್ಟಿದ್ದರು. ಕೊರಿಯದ ಸಿನಾನ್ ತೀರದಲ್ಲಿ ಸಿಕ್ಕಿದ, ೧೩೨೩ರಲ್ಲಿ ಮುಳುಗಿದ ಹಡಗಿನಲ್ಲಿಯೂ ಇಂತಹ ಕಂಡಿಗಳಿವೆ. ನೀರನ್ನು ತಡೆಯುವುದಕ್ಕಾಗಿ ಕಟ್ಟಿದ ಗೋಡೆಯಲ್ಲಿ ನೀರು ಹೋಗುವುದಕ್ಕೆ ದಾರಿಯನ್ನು ಏಕೆ ಬಿಟ್ಟರು? ಗೋಡೆಯು ಪೂರ್ಣವಾಗಿ ಬಿಗಿಯಾಗಿದ್ದರೆ ಮೇಲಿನಿಂದ ಇಳಿದ ಮಳೆಯೂ ಹಲಗೆಗಳ ಸಂದಿನಿಂದ ಜಿನುಗಿದ ನೀರೂ ಹದಿಮೂರು ಕೋಣೆಗಳಲ್ಲಿ ಹದಿಮೂರು ಕೊಳಗಳಾಗಿ ನಿಲ್ಲುತ್ತಿತ್ತು; ಸರಕನ್ನು ತೆಗೆಯದೆ ಅವುಗಳ ತಳವನ್ನು ಮುಟ್ಟುವುದು ಅಸಾಧ್ಯವಾಗುತ್ತಿತ್ತು. ಕಂಡಿಗಳಿಂದ ಆ ನೀರೆಲ್ಲವೂ ತಗ್ಗಿನಲ್ಲಿ ಕೂಡಿ, ಅಲ್ಲಿಂದ ಅದನ್ನು ಒಟ್ಟಿಗೆ ಮೊಗೆಯಬಹುದು. ಅಪಾಯವು ಬಂದಾಗ ಸಣ್ಣ ಕಂಡಿಗೆ ಬೆಣೆಯನ್ನು ಹೊಡೆಯುವುದು ಕಷ್ಟವಲ್ಲ. ಬಂಡೆಗೆ ಬಡಿದ ದಿನಕ್ಕೆ ಗೋಡೆ, ಉಳಿದ ದಿನಗಳಿಗೆ ಕಂಡಿ. ಚೀನದ ಬಡಗಿಯು ಎರಡನ್ನೂ ಬಲ್ಲವನಾಗಿದ್ದನು.

ನಮ್ಮ ತೀರದವರು ಈ ಹಡಗುಗಳನ್ನು ಕಾಣದವರಲ್ಲ. ಹೊನ್ನಾವರದಲ್ಲಿಯೂ ಇದ್ದುಹೋದ ಇಬ್ನ್ ಬತೂತನು ಕಲ್ಲಿಕೋಟೆಯ ಬಂದರಿನಲ್ಲಿ ಚೀನದ ಹದಿಮೂರು ಹಡಗುಗಳನ್ನು ಕಂಡುದಾಗಿ ಹೇಳಿದ್ದಾನೆ. ಅದು ಸುಮಾರು ೧೩೪೨ರ ಮಾತು. ಕೇರಳದ ಆಲಪ್ಪುಳ ಜಿಲ್ಲೆಯ ತೈಕ್ಕಲ್ ಎಂಬಲ್ಲಿ ೨೦೦೨–೦೩ರಲ್ಲಿ ಅಗೆದು ತೆಗೆದ, ೧೮ ಮೀಟರಿಗೆ ಮೀರಿದ ಉದ್ದದ ಮಧ್ಯಯುಗದ ದೋಣಿಯ ಒಡಲೂ ಅಡ್ಡಕಟ್ಟುಗಳಿಂದ ಭಾಗಭಾಗವಾಗಿದ್ದಿತು. ಆದುದರಿಂದ ಒಡಲನ್ನು ವಿಭಾಗಿಸುವುದು ನಮ್ಮವರಿಗೆ ತಿಳಿಯದ ಸಂಗತಿಯೆಂದು ಹೇಳಲಾಗದು. ಆದರೂ ಬಹುಮಂದಿ ಅದನ್ನು ಕೈಕೊಳ್ಳಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಇದಕ್ಕೆ ಕಾರಣವು ಅಜ್ಞಾನವಲ್ಲ. ಹುರಿಯಿಂದ ಹೊಲಿದ ನಾವೆಯು ಬಳುಕಬೇಕು. ಗಟ್ಟಿಯಾದ ಅಡ್ಡಗೋಡೆಗಳು ಆ ಬಳುಕನ್ನು ತಡೆಯುವುವು. ಹೊಲಿಗೆಯ ಸಂದುಗಳಿಂದ ನೀರು ಸದಾ ಸ್ವಲ್ಪವಾಗಿ ಜಿನುಗುವುದಾದುದರಿಂದ ತಳವೆಲ್ಲವೂ ಒಂದೇ ಕಾಲುವೆಯಾಗಿದ್ದು, ಒಬ್ಬನು ಒಂದೆಡೆಯಲ್ಲಿ ಕುಳಿತು ಮೊಗೆಯುವಂತಿರಬೇಕು. ಚೀನದವರು ಗೋಡೆಯನ್ನು ಕಟ್ಟಿ ಕಂಡಿಯನ್ನು ಬಿಟ್ಟರು. ನಮ್ಮವರು ಗೋಡೆಯನ್ನೇ ಬಿಟ್ಟು ಮನುಷ್ಯನನ್ನು ಇಟ್ಟರು. ಬಂಡೆಗೆ ಬಡಿದಾಗ ಚೀನದ ರೀತಿಯೇ ಮೇಲೆಂಬುದನ್ನು ಒಪ್ಪಲೇಬೇಕು. ಮಳೆಯ ದಿನಕ್ಕೆ ಎರಡೂ ಸಮಾನವೇ.

೭

ಯುರೋಪಿನ ಅನುಭವವನ್ನು ಸಂಕ್ಷೇಪವಾಗಿ ಹೇಳಿ ಈ ಹೋಲಿಕೆಯನ್ನು ಮುಗಿಸುತ್ತೇವೆ. ಅಲ್ಲಿಯವರು ಮೊಗೆಯುವವನ ಕೈಗೆ ಬಹು ಹಿಂದೆಯೇ ಯಂತ್ರವನ್ನು ಕೊಟ್ಟರು. ಆದರೆ ಯಂತ್ರವು ತಗ್ಗಿಗೆ ಬಂದು ಕೂಡಿದ ನೀರನ್ನು ಎತ್ತುವುದೇ ಹೊರತು ಮೂಲೆಯಲ್ಲಿ ನಿಂತ ತೇವವನ್ನು ಎತ್ತಲಾರದು. ೧೮೧೦ರಲ್ಲಿ ಇಂಗ್ಲೆಂಡಿನಲ್ಲಿ ನೀರಿಗಿಳಿದ ‘ಕ್ವೀನ್ ಷಾರ್ಲಟ್’ ಎಂಬ ದೊಡ್ಡ ಯುದ್ಧನೌಕೆಯು ಮರುವರ್ಷವೇ, ಇನ್ನೂ ಸೇವೆಗೆ ಹೊರಡುವ ಮೊದಲೇ, ಒಳಗೆ ಕೊಳೆತುಹೋಗಿರುವುದು ಗೊತ್ತಾಯಿತು. ಸರಿಯಾಗಿ ಹದಗೊಳ್ಳದ ಮರವೂ ಗಾಳಿಯಾಡದ ಒಡಲೂ ಅದಕ್ಕೆ ಕಾರಣಗಳು. ಕಟ್ಟುವಾಗಲೇ ಹಡಗು ಮಳೆಗೆ ನೆನೆಯಬಾರದೆಂದು ಅಲ್ಲಿಯವರು ಕಟ್ಟುವ ಕಟ್ಟೆಗಳ ಮೇಲೆ ಮಾಡುಗಳನ್ನು ಎತ್ತಿದರು. ಚ್ಯಾಟಮಿನಲ್ಲಿ ೧೮೩೮ರಲ್ಲಿ ಕಟ್ಟಿದ ಅಂತಹ ದೊಡ್ಡ ಮರದ ಮಾಡೊಂದು ಇಂದಿಗೂ ನಿಂತಿದೆ. ಕರಾವಳಿಯ ಬಡವನು ತೆಂಗಿನ ಗರಿಯಿಂದ ಮಾಡುತ್ತಿದ್ದುದನ್ನು ಒಂದು ಸಾಮ್ರಾಜ್ಯವು ಅಷ್ಟು ವೆಚ್ಚದಿಂದ ಮಾಡಿತು; ತತ್ತ್ವವು ಒಂದೇ.

ಅದೇ ಕಾಲದಲ್ಲಿ ಮುಂಬಯಿಯ ವಾಡಿಯಾ ಮನೆತನದವರು ತೇಗದ ಮರದಿಂದ ಕಟ್ಟುತ್ತಿದ್ದ ಹಡಗುಗಳು ಕೊಳೆಯನ್ನು ಎದುರಿಸಿ ನಿಂತುವು. ೧೮೧೭ರಲ್ಲಿ ಅಲ್ಲಿ ನೀರಿಗಿಳಿದ ‘ಟ್ರಿಂಕೋಮಲಿ’ಯು ಈಗಲೂ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿದೆ. ತೇಗದಲ್ಲಿರುವ ಎಣ್ಣೆಯ ಅಂಶವೇ ಅದರ ರಕ್ಷೆ. ಪಶ್ಚಿಮಘಟ್ಟದ ಮಳೆಯಲ್ಲಿ ಬೆಳೆದ ಮರವು ಮಳೆಯ ನೀರನ್ನು ತಾಳಿಕೊಳ್ಳುವುದರಲ್ಲಿ ಆಶ್ಚರ್ಯವೇನೂ ಇಲ್ಲ.

೮

ಇದುವರೆಗೆ ಹೇಳಿದುದರಿಂದ ಈ ಅಂಶಗಳು ಸಿದ್ಧವಾಗುತ್ತವೆಂದು ತಿಳಿಯಬಹುದು. ನಾವೆಯ ಒಡಲಿನಲ್ಲಿ ಮಳೆಯ ನೀರು ನಿಲ್ಲುವುದನ್ನು ನಮ್ಮ ಹಿಂದಿನವರು ಗಂಭೀರವಾದ ವಿಷಯವೆಂದು ಎಣಿಸಿದ್ದರು. ಅದಕ್ಕೆ ಅವರು ಕಂಡುಕೊಂಡ ಉಪಾಯಗಳು ಮೂರು: ಮೊಗೆಯುವವನು, ಮಾಡು, ಋತುನಿಯಮ. ಅಡ್ಡಗೋಡೆಗಳು ವಿರಳವಾಗಿದ್ದುದನ್ನು ಮಾತ್ರ ನೋಡಿ ಅವರ ವಿದ್ಯೆಯನ್ನು ಅಳೆಯುವುದು ಸರಿಯಲ್ಲ. ಹಾಗೆಯೇ ಚೀನದವರ ಕೌಶಲವನ್ನು ಕಡಿಮೆ ಮಾಡಿ ಹೇಳುವುದೂ ಸರಿಯಲ್ಲ. ಒಂದೇ ಪ್ರಶ್ನೆಗೆ ಎರಡು ದೇಶದವರು ತಮ್ಮ ತಮ್ಮ ಮರಕ್ಕೂ ಹೊಲಿಗೆಗೂ ಮೊಳೆಗೂ ತಕ್ಕಂತೆ ಎರಡು ಉತ್ತರಗಳನ್ನು ಕೊಟ್ಟರು.

ಇವೆಲ್ಲಕ್ಕಿಂತಲೂ ಮುಖ್ಯವಾಗಿ ತೋರುವುದು ಆ ಉತ್ಸೇಚಕನ ವಿಷಯ. ಚರಿತ್ರೆಯಲ್ಲಿ ಹಡಗಿನ ಒಡೆಯರ ಹೆಸರುಗಳು ಉಳಿದಿವೆ, ವರ್ತಕರ ಪತ್ರಗಳು ಉಳಿದಿವೆ, ಹಡಗನ್ನು ಏರಿದ ಯಾತ್ರಿಕರ ವರ್ಣನೆಗಳು ಉಳಿದಿವೆ. ತಳದಲ್ಲಿ ಕುಳಿತು ರಾತ್ರಿಯೆಲ್ಲಾ ನೀರನ್ನು ಚೆಲ್ಲಿದವನಿಗೆ ಉಳಿದಿರುವುದು ಶಾಸ್ತ್ರಕಾರನು ಕೊಟ್ಟ ಆ ಒಂದು ಪದ ಮಾತ್ರ. ಮೆಣಸೂ ಅಕ್ಕಿಯೂ ಒಣಗಿದ್ದು ಏಡನ್ನಿಗೋ ಗೋವೆಗೋ ಸೇರಿದುವೆಂದರೆ ಅದು ಅವನ ಕೈಯ ಫಲ. ಕರಾವಳಿಯ ಹಳೆಯ ಮರದ ದೋಣಿಗಳು ಒಂದೊಂದಾಗಿ ಇಲ್ಲವಾಗುತ್ತಿವೆ. ನೀರು ಮೊಗೆಯುವ ಪಾತ್ರೆಗೂ ತಳದ ಗುಂಡಿಗೂ ಕಂಡಿಗೂ ಬೆಣೆಗೂ ನಮ್ಮ ಮೊಗವೀರರೂ ಖಾರ್ವಿಗಳೂ ಇಟ್ಟಿರುವ ಹೆಸರುಗಳು ಅವುಗಳೊಡನೆಯೇ ಮರೆಯಾಗುವ ಭಯವಿದೆ. ತೀರದಲ್ಲಿ ವಾಸಿಸುವ ವಿದ್ವಾಂಸರು ವೃದ್ಧರಾದ ನಾವಿಕರನ್ನು ಕೇಳಿ ಆ ಶಬ್ದಗಳನ್ನು ಸಂಗ್ರಹಿಸಿಕೊಟ್ಟರೆ ಈ ಪ್ರಬಂಧದಲ್ಲಿ ಊಹೆಯಾಗಿ ನಿಂತಿರುವ ಎಷ್ಟೋ ಮಾತುಗಳು ನಿಶ್ಚಯವಾಗುವುವು, ಅಥವಾ ತಿದ್ದಲ್ಪಡುವುವು. ಎರಡರಿಂದಲೂ ನಮಗೆ ಸಂತೋಷವೇ.